ಮರ ಕಡೆಯೋಕೆ ಮಿಡ್-ರೇಂಜ್ ಲೇತ್ ತಗೊಳ್ಳೋ ಮುಂಚೆ: ಪದೇ ಪದೇ ಕೇಳೋ ಪ್ರಶ್ನೆಗಳು

ಅಮೆರಿಕದಲ್ಲಿ ಗರಾಜಲ್ಲಿ ಮರಗೆಲಸ ಶುರು ಮಾಡಿರೋ ನಮ್ಮ ಕನ್ನಡದವರು ಹೆಚ್ಚಾಗಿ ಕೇಳೋ ಪ್ರಶ್ನೆಗಳಿವು. ಅದಕ್ಕೇ ಅಳತೆ ಎಲ್ಲ ಇಂಚಲ್ಲಿ, ಕರೆಂಟು 120 ವೋಲ್ಟು, ದುಡ್ಡು ಡಾಲರಲ್ಲಿ. ಇಂಗ್ಲೆಂಡಲ್ಲಿ ಇರೋರಿಗೆ, ಊರಿಗೆ ವಾಪಸ್ ಹೋಗೋ ಪ್ಲಾನ್ ಇರೋರಿಗೆ ಬೇಕಾದ್ದು ಕೆಳಗಡೆ ಬೇರೆ ಇದೆ.

ಮಿಡ್-ರೇಂಜ್ ಅಂದ್ರೆ ಯಾವ್ದು?

ಪೆನ್ನು ಮಾಡೋ ಪುಟ್ಟ ಮಿನಿ ಲೇತು ಒಂದು ತುದಿ. ಪವರ್‌ಮ್ಯಾಟಿಕ್ 3520 ಥರದ 20 ಇಂಚು ಸ್ವಿಂಗ್ (ಹಿಡಿಸೋ ಮರದ ಗರಿಷ್ಠ ವ್ಯಾಸ), 2 ಹಾರ್ಸ್‌ಪವರ್, 220 ವೋಲ್ಟು ಬೇಡೋ ದೊಡ್ಡ ಮೆಷಿನ್ನು ಇನ್ನೊಂದು ತುದಿ. ಮಧ್ಯ ಇರೋದೆಲ್ಲ ಮಿಡ್-ರೇಂಜ್, ಅಂದ್ರೆ 12ರಿಂದ 16 ಇಂಚು ಸ್ವಿಂಗ್, 1ರಿಂದ ಒಂದೂವರೆ ಹಾರ್ಸ್‌ಪವರ್, ಮನೆಯ ಮಾಮೂಲಿ ಪ್ಲಗ್ಗಿಗೆ ಹಾಕಿದ್ರೆ ಓಡೋ ಅಂಥದ್ದು. ದುಡ್ಡು ಸುಮಾರು ಸಾವಿರ ಡಾಲರ್ ಆಸುಪಾಸಿಂದ ಎರಡು ಸಾವಿರದ ತನಕ ಅಂತ ಇಟ್ಕೊಳ್ಳಿ, ಸೇಲು, ಟ್ಯಾಕ್ಸು, ಶಿಪ್ಪಿಂಗು ಅಂತ ಮೇಲೆ ಕೆಳಗೆ ಆಗ್ತಾನೇ ಇರುತ್ತೆ.

ಸ್ವಿಂಗ್ 12 ಇಂಚು ಅಂತ ಬರ್ದಿದ್ರೆ 12 ಇಂಚಿನ ಬಟ್ಟಲು ಆಗುತ್ತಾ?

ಕಾಗದದ ಮೇಲೆ ಆಗುತ್ತೆ. ಸ್ವಿಂಗ್ ಅಂದ್ರೆ ಸ್ಪಿಂಡಲ್ (ಮರ ಹಿಡಿದು ತಿರುಗೋ ದಂಡ) ಮಧ್ಯದಿಂದ ಬೆಡ್ಡಿಗೆ (ಲೇತಿನ ಅಡಿಯ ಉದ್ದ ಹಳಿ) ಇರೋ ದೂರದ ಎರಡರಷ್ಟು, ಅಷ್ಟೇ. ಆದ್ರೆ ಹಸಿ ಮರದ ತುಂಡು ಚೈನ್‌ಸಾದಲ್ಲಿ ಕತ್ತರಿಸಿದಾಗ ಪೂರ್ತಿ ಗುಂಡಗೆ ಬರಲ್ಲ, ಒಂದು ಮೂಲೆ ಉಬ್ಬಿದ್ರೂ ಬೆಡ್ಡಿಗೆ ಟಕ್ ಅಂತ ಹೊಡಿಯುತ್ತೆ. ಅದರ ಮೇಲೆ ಟೂಲ್ ರೆಸ್ಟ್ (ಉಳಿ ಊರೋ ಪಟ್ಟಿ) ಹಿಡ್ಕೊಳ್ಳೋ ಬ್ಯಾಂಜೊ ಬೆಡ್ ಮೇಲೆ ಕೂತಿರುತ್ತಲ್ಲ, ಅದು ಮರದ ಅಡಿಗೆ ಹೋಗ್ಬೇಕು ಅಂದ್ರೆ ಇನ್ನೂ ಎರಡು ಎರಡೂವರೆ ಇಂಚು ಕಳ್ಕೊಂಡ ಹಾಗೆ. 12 ಇಂಚಿನ ಲೇತಲ್ಲಿ 10, ಹತ್ತೂವರೆ ಇಂಚಿನ ಬಟ್ಟಲು ಆರಾಮಾಗಿ ಆಗುತ್ತೆ ಅಂದ್ಕೊಳ್ಳಿ. ಮನೇಲಿ ಸಲಾಡ್ ಹಾಕೋಕೆ, ಹಣ್ಣಿಡೋಕೆ ಅದು ಸಾಕೋ ಸಾಕು.

ನಾನು ಬಟ್ಟಲು ಮಾಡಲ್ಲ. ಪೆನ್ನು, ಬುಗುರಿ, ಲಟ್ಟಣಿಗೆ ಅಷ್ಟೇ. ಆಗ?

ಆಗ ಸ್ವಿಂಗ್ ಮರೆತುಬಿಡಿ, ಎರಡು ಸೆಂಟರ್ (ಮರವನ್ನ ಎರಡೂ ತುದಿಯಲ್ಲಿ ಹಿಡಿಯೋ ಮೊನೆ) ಮಧ್ಯದ ಉದ್ದ ನೋಡಿ. ಬರೀ ಪೆನ್ನು ಬುಗುರಿ ಅಂದ್ರೆ ಯಾವುದಾದ್ರೂ ಆಗುತ್ತೆ. ಲಟ್ಟಣಿಗೆಗೆ ಹಿಡಿ ಸೇರಿ 18 ಇಂಚು ಬೇಕು ಅಂದ್ರೆ 16 ಇಂಚಿನ ಬೆಡ್ ಸಾಲಲ್ಲ, ಉದ್ದದ್ದು ತಗೋಬೇಕು, ಇಲ್ಲಾಂದ್ರೆ ಬೆಡ್ ಎಕ್ಸ್‌ಟೆನ್ಷನ್ ಹಾಕ್ಬೇಕು. ಕಾಳುಮೆಣಸು ಪುಡಿ ಮಾಡೋ ಪೆಪ್ಪರ್ ಮಿಲ್ಲು ಮಾಡ್ಬೇಕು ಅಂತ ಆಸೆ ಇರೋರು ಹುಷಾರು, ಅದು 10 ಇಂಚು ಇದ್ರೂ ಉದ್ದಕ್ಕೆ ತೂತು ಕೊರೀಬೇಕು. ಆ ಕಡೆ ಚಕ್ಕು (ಮರ ಕಚ್ಚಿ ಹಿಡಿಯೋ ದವಡೆ), ಈ ಕಡೆ ಡ್ರಿಲ್ ಚಕ್ಕು, ಅದರಲ್ಲಿ ಉದ್ದದ ಬಿಟ್ಟು, ಎಲ್ಲ ಸೇರಿದ್ರೆ 20 ಇಂಚಿನ ಬೆಡ್ಡೂ ತುಂಬಿ ಹೋಗುತ್ತೆ.

ಹಾರ್ಸ್‌ಪವರ್ ಜಾಸ್ತಿ ಇರೋದೇ ಒಳ್ಳೇದಲ್ವಾ?

ಎಲ್ಲರೂ ಮೊದಲು ನೋಡೋದು ಇದೇ, ಡಬ್ಬದ ಮೇಲೆ ದೊಡ್ಡದಾಗಿ ಬರೆಯೋದೂ ಇದೇ. ಆದ್ರೆ 1 ಹಾರ್ಸ್‌ಪವರ್ ಅಂದ್ರೆ 746 ವ್ಯಾಟು, ಅದು ಮೋಟರ್ ತನ್ನ ಪೂರ್ತಿ ಸ್ಪೀಡಲ್ಲಿ ತಿರುಗಿದಾಗ ಸಿಗೋ ಶಕ್ತಿ. ನಾಬ್ ತಿರುಗಿಸಿ ಸ್ಪೀಡ್ ಇಳಿಸಿದ್ರೆ ಮೋಟರಿನ ಟಾರ್ಕ್ (ತಿರುಗಿಸೋ ಬಲ) ಹೆಚ್ಚುಕಮ್ಮಿ ಅಷ್ಟೇ ಇರುತ್ತೆ ಆದ್ರೆ ಶಕ್ತಿ ಸ್ಪೀಡಿನ ಜೊತೆ ಜೊತೇಲೇ ಇಳಿಯುತ್ತೆ. ಅಂದ್ರೆ ಕಾಲು ಸ್ಪೀಡಲ್ಲಿ ಕಾಲು ಹಾರ್ಸ್‌ಪವರ್.

ಒಂದು ಲೆಕ್ಕ ಮಾಡೋಣ. ಜೆಟ್ 1221ವಿಎಸ್‌ಗೆ ಮೂರು ಬೆಲ್ಟ್ ರೇಂಜು (ಬೆಲ್ಟ್ ಕೂರೋ ಪುಲ್ಲಿಗೆ ತಕ್ಕ ಸ್ಪೀಡು, ಆರ್‌ಪಿಎಂ ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕದಲ್ಲಿ): 60ರಿಂದ 900, 110ರಿಂದ 1800, 220ರಿಂದ 3600. ನಿಮಗೆ ಬಟ್ಟಲಿಗೆ 600 ಆರ್‌ಪಿಎಂ ಬೇಕು. ಕೆಳಗಿನ ರೇಂಜಲ್ಲಿ ಇಟ್ರೆ ಮೋಟರ್ ತನ್ನ ಸ್ಪೀಡಿನ ಮೂರನೇ ಎರಡು ಭಾಗದಲ್ಲಿ ಓಡ್ತಿರುತ್ತೆ, ಮುಕ್ಕಾಲಿಗೆ ಸ್ವಲ್ಪ ಕಡಿಮೆ ಹಾರ್ಸ್‌ಪವರ್ ಕೈಗೆ ಸಿಗುತ್ತೆ. ಬೆಲ್ಟ್ ಬದಲಾಯಿಸೋಕೆ ಸೋಮಾರಿತನ ಮಾಡಿ ಮೇಲಿನ ರೇಂಜಲ್ಲೇ ನಾಬ್ ಇಳಿಸಿ 600ಕ್ಕೆ ತಂದ್ರೆ ಮೋಟರ್ ಆರನೇ ಒಂದು ಭಾಗದಲ್ಲಿ ಓಡ್ತಿದೆ, ಗೌಜ್ (ಮರ ಕೆತ್ತೋ ಉಳಿ) ಸ್ವಲ್ಪ ಒತ್ತಿದ ತಕ್ಷಣ ಮರ ನಿಂತು ಹೋಗುತ್ತೆ, ಆಮೇಲೆ "ಈ ಲೇತಲ್ಲಿ ಪವರೇ ಇಲ್ಲ" ಅಂತ ರಿವ್ಯೂ ಬರೀತಾರೆ. ಒಂದು ಸ್ಟಾರಿನ ರಿವ್ಯೂಗಳಲ್ಲಿ ಇಂಥವು ಎಷ್ಟಿರಬಹುದು ಅಂತ ನನಗೆ ಯಾವಾಗ್ಲೂ ಡೌಟು.

ಹಾಗಾಗಿ ನೀವು ಕೇಳ್ಬೇಕಾದ ಪ್ರಶ್ನೆ ಎಷ್ಟು ಹಾರ್ಸ್‌ಪವರ್ ಅಂತಲ್ಲ. ಕೆಳಗಿನ ಬೆಲ್ಟ್ ರೇಂಜ್ ಎಲ್ಲಿ ಮುಗಿಯುತ್ತೆ, ಬೆಲ್ಟ್ ಬದಲಾಯಿಸೋದು ಎಷ್ಟು ಸುಲಭ, ಇವೆರಡು ಕೇಳಿ. ಬಾಗಿಲು ತೆಗೆದು ಲಿವರ್ ಸಡಿಲ ಮಾಡಿ ಅರ್ಧ ನಿಮಿಷದಲ್ಲಿ ಆಗುತ್ತೆ ಅಂದ್ರೆ ಬದಲಾಯಿಸ್ತೀರ. ಸ್ಪ್ಯಾನರ್ ಹುಡುಕ್ಬೇಕು ಅಂದ್ರೆ ಖಂಡಿತ ಬದಲಾಯಿಸಲ್ಲ.

ವೇರಿಯಬಲ್ ಸ್ಪೀಡ್ ಬೇಕೇಬೇಕಾ? ಬರೀ ಪುಲ್ಲಿ ಇರೋದು ಅಗ್ಗ ಅಲ್ವಾ?

ಬೇಕೇಬೇಕು ಅಂತಿಲ್ಲ. ನೋವಾ 1624 ನೋಡಿ, 16 ಇಂಚು ಸ್ವಿಂಗ್, 24 ಇಂಚು ಉದ್ದ, ಒಂದೂವರೆ ಹಾರ್ಸ್‌ಪವರ್, ಎಂಟು ಪುಲ್ಲಿ ಸ್ಪೀಡು, 215ರಿಂದ 3600. ಅದರ ಮೋಟರ್ ಯಾವಾಗ್ಲೂ ತನ್ನ ಪೂರ್ತಿ ಸ್ಪೀಡಲ್ಲೇ ಓಡೋದ್ರಿಂದ 215ರಲ್ಲೂ ಪೂರ್ತಿ ಶಕ್ತಿ ಇರುತ್ತೆ, ಕೆಟ್ಟು ಹೋಗೋ ಎಲೆಕ್ಟ್ರಾನಿಕ್ ಬೋರ್ಡೂ ಇಲ್ಲ. ತೊಂದ್ರೆ ಏನಪ್ಪಾ ಅಂದ್ರೆ ಬ್ಯಾಲೆನ್ಸ್ ಇಲ್ಲದ ಮರ 360ರಲ್ಲಿ ಸುಮ್ನೆ ಇದ್ದು 550ಕ್ಕೆ ಕುಣಿಯೋಕೆ ಶುರು ಮಾಡಿದ್ರೆ ನಿಮಗೆ 450 ಬೇಕು, ಅದು ಸಿಗಲ್ಲ. ವೇರಿಯಬಲ್ ಸ್ಪೀಡಿನ ನಿಜವಾದ ಲಾಭ ಅದೇ, ನಡುಕ ಶುರುವಾಗೋ ಜಾಗಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಲ್ಲಿಸಬಹುದು.

ವೇರಿಯಬಲ್ ಅಂದ್ರೂ ಒಳಗಡೆ ಬೇರೆ ಬೇರೆ ಇರುತ್ತೆ. ಡಿಸಿ ಮೋಟರ್ ಜೊತೆ ಕಂಟ್ರೋಲ್ ಬೋರ್ಡು ಒಂದು ಬಗೆ, ಬ್ರಶ್ ಸವೀತವೆ ಆದ್ರೆ ಬದಲಾಯಿಸೋದು ಸುಲಭ. ಮೂರು ಫೇಸ್ ಮೋಟರ್ ಜೊತೆ ವಿಎಫ್‌ಡಿ ಇನ್ನೊಂದು, ಮನೆ ಸಿಂಗಲ್ ಫೇಸ್ ತಗೊಂಡು ಒಳಗೇ ಮೂರು ಫೇಸ್ ಮಾಡ್ಕೊಳ್ಳುತ್ತೆ, ನಯವಾಗಿ ಓಡುತ್ತೆ. ನ್ಯೂಜಿಲೆಂಡ್ ಮೂಲದ ನೋವಾದವರ ಡಿವಿಆರ್ ಮೂರನೇದು, ಅದರಲ್ಲಿ ಬೆಲ್ಟೇ ಇಲ್ಲ, ಮೋಟರ್ ನೇರ ಸ್ಪಿಂಡಲ್ ಮೇಲೆ, ಗೌಜ್ ಒತ್ತಿದ್ರೆ ಕಂಪ್ಯೂಟರ್ ಗಮನಿಸಿ ಶಕ್ತಿ ಸೇರಿಸುತ್ತೆ. ಚೆನ್ನಾಗಿದೆ, ಆದ್ರೆ ಬೆಲೆ ಈ ರೇಂಜಿನ ಮೇಲ್ತುದಿ ಅಥವಾ ಅದಕ್ಕೂ ಮೇಲೆ.

ಎಷ್ಟು ಸ್ಪೀಡಲ್ಲಿ ಓಡಿಸ್ಬೇಕು?

ಹಳಬರು ಹೇಳೋ ಲೆಕ್ಕ: ಮರದ ವ್ಯಾಸ ಇಂಚಲ್ಲಿ ಗುಣಿಸು ಆರ್‌ಪಿಎಂ, ಉತ್ತರ 6000ದಿಂದ 9000 ಒಳಗೆ ಇರ್ಬೇಕು. 12 ಇಂಚಿಗೆ 500ರಿಂದ 750. 3 ಇಂಚಿನ ಬುಗುರಿಗೆ 2000ದಿಂದ 3000. ಅದೂ ಮರ ಗುಂಡಗೆ ಆದಮೇಲೆ. ಒರಟು ತುಂಡಿಗೆ ಇದಕ್ಕಿಂತ ತುಂಬಾ ಕೆಳಗಿಂದ ಶುರು ಮಾಡಿ. ಯಾಕೆ ಇಷ್ಟು ಹೇಳ್ತೀನಿ ಅಂದ್ರೆ 12 ಇಂಚಿನ ಬಟ್ಟಲು 1000 ಆರ್‌ಪಿಎಂನಲ್ಲಿ ತಿರುಗಿದ್ರೆ ಅದರ ಅಂಚು ಗಂಟೆಗೆ ಸುಮಾರು 57 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಿರುತ್ತೆ. ಬೆಲ್ಟ್ ಮೇಲಿನ ರೇಂಜಲ್ಲಿ ಇರೋದು ನೋಡದೆ ಸ್ವಿಚ್ ಒತ್ತಿ 3000ಕ್ಕೆ ಹೋದ್ರೆ 170 ದಾಟುತ್ತೆ. ಸ್ವಿಚ್ ಒತ್ತೋ ಮುಂಚೆ ನಾಬ್ ಪೂರ್ತಿ ಕೆಳಗಿದೆಯಾ ಅಂತ ನೋಡೋ ಅಭ್ಯಾಸ ಮೊದಲನೇ ದಿನವೇ ಮಾಡ್ಕೊಳ್ಳಿ.

ಸುತ್ತುಬಳಸು ಬೇಡ. ಜೆಟ್, ರೈಕಾನ್, ಡೆಲ್ಟಾ, ನೋವಾ, ಯಾವ್ದು ತಗೊಳ್ಳಿ?

ಸರಿ. ಮೊದಲ ಮೂರೂ 1 ಹಾರ್ಸ್‌ಪವರ್, ಮೂರು ಬೆಲ್ಟ್ ರೇಂಜು, ರಿವರ್ಸ್ ಇದೆ, ಸ್ಪಿಂಡಲ್ 1 ಇಂಚು 8 ಥ್ರೆಡ್ (1 ಇಂಚು ದಪ್ಪ, ಇಂಚಿಗೆ 8 ತಿರುಪಿನ ಸುತ್ತು), ಒಳಗೆ ಎರಡನೇ ನಂಬರ್ ಮೋರ್ಸ್ ಟೇಪರ್ (ಒಳಗೆ ಹೋಗ್ತಾ ಕಿರಿದಾಗೋ ತೂತಿನ ಸ್ಟ್ಯಾಂಡರ್ಡ್ ಅಳತೆ). ಅಂದ್ರೆ ಒಂದಕ್ಕೆ ತಗೊಂಡ ಚಕ್ಕು ಇನ್ನೊಂದಕ್ಕೂ ಕೂರುತ್ತೆ.

ಜೆಟ್ 1221ವಿಎಸ್ 12 ಇಂಚು ಸ್ವಿಂಗ್, 21 ಇಂಚು ಉದ್ದ. ಇದರ ದೊಡ್ಡ ಗುಣ ಆ 60 ಆರ್‌ಪಿಎಂ. ಒರಟು ತುಂಡು ಹಾಕಿ ನಿಧಾನ ತಿರುಗಿಸಿ ಎಲ್ಲಾದ್ರೂ ತಾಗುತ್ತಾ ನೋಡ್ಬಹುದು, ಫಿನಿಶ್ ಹಚ್ಚಿ ಇಳಿಯದ ಹಾಗೆ ತಿರುಗ್ತಾ ಬಿಡಬಹುದು. ರೈಕಾನ್ 70-220ವಿಎಸ್‌ಆರ್ ಹನ್ನೆರಡೂವರೆ ಇಂಚು, 20 ಇಂಚು ಉದ್ದ, 250ರಿಂದ 3850. ಕೆಳಗಿನ ರೇಂಜು 750ಕ್ಕೆ ಮುಗಿಯೋದ್ರಿಂದ ಬಟ್ಟಲಿಗೆ ಬೇಕಾದ ಸ್ಪೀಡಲ್ಲಿ ಮೋಟರ್ ಚೆನ್ನಾಗಿ ಓಡ್ತಿರುತ್ತೆ, ಜೆಟ್‌ಗಿಂತ ಸಾಮಾನ್ಯವಾಗಿ ಕಡಿಮೆ ಬೆಲೆ. ಡೆಲ್ಟಾ 46-460 ಹನ್ನೆರಡೂವರೆ ಇಂಚು, ಉದ್ದ ಹದಿನಾರೂವರೆ, 250ರಿಂದ 4000, ಬೆಲ್ಟ್ ಬದಲಾವಣೆ ತುಂಬಾ ಸುಲಭ ಆದ್ರೆ ಲಟ್ಟಣಿಗೆಯವರಿಗೆ ಉದ್ದ ಕಡಿಮೆ.

ನನ್ನ ಮಾತು ಕೇಳೋದಾದ್ರೆ: ಹೊಸಬರಿಗೆ ರೈಕಾನ್, ಉಳಿದ ದುಡ್ಡಲ್ಲಿ ಒಳ್ಳೆ ಚಕ್ಕು. ಬಟ್ಟಲು ಹುಚ್ಚು ಈಗಾಗ್ಲೇ ಹಿಡಿದಿದ್ರೆ, ಜಾಗ ಇದ್ರೆ, ನೋವಾ 1624. ದುಡ್ಡಿನ ಚಿಂತೆ ಇಲ್ಲ ಆದ್ರೆ ಜಾಗ ಇಲ್ಲ ಅನ್ನೋರಿಗೆ ಜೆಟ್. ಇನ್ನೊಬ್ಬರು ಬೇರೆ ಹೇಳ್ತಾರೆ, ಅವರೂ ಸುಳ್ಳು ಹೇಳ್ತಿರಲ್ಲ. ಈ ಮೂರು ನಾಲ್ಕರಲ್ಲಿ ಯಾವುದು ತಗೊಂಡ್ರೂ ಬಟ್ಟಲು ನೋಡಿ ಇದು ಯಾವ ಲೇತಲ್ಲಿ ಕಡೆದಿದ್ದು ಅಂತ ಯಾರಿಂದಲೂ ಹೇಳೋಕಾಗಲ್ಲ.

ಸ್ಪಿಂಡಲ್ ಥ್ರೆಡ್ ಬಗ್ಗೆ ಅಷ್ಟೊಂದು ಯಾಕೆ ತಲೆ ಕೆಡಿಸ್ಕೋಬೇಕು?

ಲೇತ್ ಮಾರಿಬಿಡ್ತೀರ, ಚಕ್ಕು ಮಾರಲ್ಲ, ಅದಕ್ಕೆ. ಚಕ್ಕು, ಫೇಸ್‌ಪ್ಲೇಟು (ಮರಕ್ಕೆ ಸ್ಕ್ರೂ ಹಾಕಿ ಹಿಡಿಯೋ ತಟ್ಟೆ) ಎಲ್ಲ ಥ್ರೆಡ್ ಮೇಲೆ ನಿಂತಿದೆ. ಅಮೆರಿಕದ ಮಿಡ್ ಸೈಜಿಗೆ 1 ಇಂಚು 8 ಥ್ರೆಡ್ಡು, ದೊಡ್ಡವಕ್ಕೆ ಒಂದೂಕಾಲು ಇಂಚು 8 ಥ್ರೆಡ್ಡು, ನೋವಾ 1624 ಈ ಎರಡನೇ ಗುಂಪಿಗೆ ಸೇರಿದ್ದು. ಇಂಗ್ಲೆಂಡ್, ಯುರೋಪಲ್ಲಿ ಎಂ33 ಮೂರೂವರೆ ಪಿಚ್ (33 ಮಿಲಿಮೀಟರ್ ದಪ್ಪ, ಸುತ್ತಿಂದ ಸುತ್ತಿಗೆ ಮೂರೂವರೆ ಮಿಲಿಮೀಟರ್) ಜಾಸ್ತಿ. ನೇರ ಥ್ರೆಡ್ ಹಾಕಿರೋ ಚಕ್ಕು ಸ್ವಲ್ಪ ಅಗ್ಗ, ಆದ್ರೆ ಆ ಒಂದೇ ಸೈಜಿಗೆ ಕಟ್ಟಿಹಾಕುತ್ತೆ. ನೋವಾ ಸೂಪರ್‌ನೋವಾ2 ಥರ ಇನ್ಸರ್ಟ್ (ಥ್ರೆಡ್ ಇರೋ ಬಿಡಿ ಬಳೆ) ಇರೋದು ತಗೊಂಡ್ರೆ ಮುಂದೆ ದೊಡ್ಡ ಲೇತಿಗೆ ಹೋದಾಗ ಇನ್ಸರ್ಟ್ ಮಾತ್ರ ಬದಲಾಯಿಸಿದ್ರೆ ಆಯ್ತು. ಯಾವುದೋ ವಿಚಿತ್ರ ಥ್ರೆಡ್ಡಿನ ಲೇತು ಅಗ್ಗಕ್ಕೆ ಸಿಕ್ತು ಅಂತ ತಂದ್ರೆ ಆ ಉಳಿತಾಯ ಎಲ್ಲ ಅಡಾಪ್ಟರಿಗೇ ಹೋಗುತ್ತೆ, ಅಡಾಪ್ಟರ್ ಹಾಕಿದಷ್ಟೂ ಮರ ಬೇರಿಂಗಿಂದ ದೂರ ಹೋಗಿ ನಡುಕ ಜಾಸ್ತಿ.

ತೂಕ ಜಾಸ್ತಿ ಇದ್ರೆ ಒಳ್ಳೇದಾ?

ಹೌದು, ನಿಮ್ಮ ಸೊಂಟಕ್ಕೆ ಬಿಟ್ಟು ಬೇರೆ ಎಲ್ಲದಕ್ಕೂ. ಬೀಡುಕಬ್ಬಿಣ ನಡುಕ ಕುಡಿಯುತ್ತೆ, ತಗಡಿನ ಪೈಪಿನ ಬೆಡ್ಡು ಗಂಟೆ ಥರ ಬಾರಿಸುತ್ತೆ. 12 ಇಂಚಿನವು ಸುಮಾರು 45ರಿಂದ 55 ಕೆಜಿ ಬರುತ್ತೆ, ಅದನ್ನ ಗಟ್ಟಿ ಬೆಂಚಿಗೆ ಬೋಲ್ಟ್ ಹಾಕಿ ಬೆಂಚಿನ ಕೆಳಗೆ ಹಲಗೆ ಕೂರಿಸಿ ಮರಳಿನ ಚೀಲ ಇಟ್ರೆ ಕಂಪನಿ ಸ್ಟ್ಯಾಂಡಿಗಿಂತ ಚೆನ್ನಾಗಿರುತ್ತೆ. ಎತ್ತರ ಮಾತ್ರ ಸರಿಯಾಗಿ ನೋಡ್ಕೊಳ್ಳಿ, ಸ್ಪಿಂಡಲ್ ನಿಮ್ಮ ಮೊಣಕೈ ಮಟ್ಟಕ್ಕೆ ಬರ್ಬೇಕು. ಇಲ್ಲಿಯ ರೆಡಿಮೇಡ್ ಸ್ಟ್ಯಾಂಡುಗಳಲ್ಲಿ ಎತ್ತರ ಅಡ್ಜಸ್ಟ್ ಆಗುತ್ತೋ ಇಲ್ವೋ ಮೊದಲೇ ಕೇಳಿ, ದಿನಾ ಬಗ್ಗಿ ನಿಂತ್ರೆ ಬೆನ್ನು ಹೋಗುತ್ತೆ.

ರಿವರ್ಸ್, ಇಂಡೆಕ್ಸಿಂಗ್, ತಿರುಗೋ ಹೆಡ್‌ಸ್ಟಾಕ್, ಇವೆಲ್ಲ ಬೇಕಾ?

ರಿವರ್ಸ್ ಸ್ಯಾಂಡಿಂಗಿಗೆ ಒಳ್ಳೇದು, ಮಲಗಿದ ನಾರು ಏಳುತ್ತೆ. ಆದ್ರೆ ಉಲ್ಟಾ ತಿರುಗುವಾಗ ಚಕ್ಕು ತಾನಾಗೇ ಬಿಚ್ಕೊಂಡು ಬರಬಹುದು, ಲಾಕ್ ಸ್ಕ್ರೂ ಇರೋ ಚಕ್ಕಿಲ್ಲದೆ ಮುಟ್ಬೇಡಿ. ಇಂಡೆಕ್ಸಿಂಗ್ (ಸ್ಪಿಂಡಲನ್ನ ಸಮ ಅಂತರದಲ್ಲಿ ಲಾಕ್ ಮಾಡೋದು) ಇದ್ರೆ ಇರ್ಲಿ. ತಿರುಗೋ ಹೆಡ್ಡು (ಸ್ಪಿಂಡಲ್ ಇರೋ ತುದಿ) ಬಟ್ಟಲಿನ ಒಳಗೆ ಕೆರೆಯೋರಿಗೆ ವರ, ಬೆಡ್ ಮೇಲೆ ಬಗ್ಗೋದು ತಪ್ಪುತ್ತೆ. ಆದ್ರೆ ವಾಪಸ್ ತಿರುಗಿಸಿದ ಪ್ರತಿ ಸಲ ಎದುರು ತುದಿಯಲ್ಲಿ ಮರಕ್ಕೆ ಆಸರೆ ಕೊಡೋ ಟೇಲ್‌ಸ್ಟಾಕಿಗೆ ನೇರ ಬಂದಿದೆಯಾ ನೋಡ್ಬೇಕು.

ಲೇತಿಗೆ 1500 ಡಾಲರ್ ಇಟ್ಟಿದ್ದೀನಿ. ಪೂರ್ತಿ ಲೇತಿಗೇ ಹಾಕ್ಲಾ?

ಬೇಡ. 1500 ಇದ್ರೆ ಲೇತಿಗೆ ಸಾವಿರದ ಒಳಗೆ ಹಾಕಿ. ಹಬ್ಬದ ದಿನ ಒಲೆ ಒಂದೇ ತಂದು ಪಾತ್ರೆ, ಬೇಳೆ, ಎಣ್ಣೆ ಮರೆತ ಹಾಗೆ ಆಗುತ್ತೆ ಇಲ್ಲಾಂದ್ರೆ.

ಏನೇನು ಬೇಕು ಅಂದ್ರೆ ನಾಲ್ಕು ದವಡೆಯ ಚಕ್ಕು ಒಂದು, ಬೌಲ್ ಗೌಜು, ಸ್ಪಿಂಡಲ್ ಗೌಜು, ಪಾರ್ಟಿಂಗ್ ಟೂಲು (ತುಂಡು ಬೇರ್ಪಡಿಸೋಕೆ), ಸ್ಕ್ಯೂ (ಓರೆ ಬಾಯಿಯ ಉಳಿ), ಎಲ್ಲ ಎಚ್‌ಎಸ್‌ಎಸ್ ಉಕ್ಕಿಂದು. ಸೆಟ್ಟಲ್ಲಿ ಬರೋ ದಪ್ಪ ಸ್ಪಿಂಡಲ್ ರಫಿಂಗ್ ಗೌಜನ್ನ ಬಟ್ಟಲಿಗೆ ಯಾವ ಕಾರಣಕ್ಕೂ ಹಚ್ಬೇಡಿ. ಹಿಡಿಯೊಳಗೆ ಹೋಗೋ ಅದರ ಬಾಲ ತೆಳ್ಳಗೆ, ಅಡ್ಡ ನಾರಿಗೆ ಸಿಕ್ಕಿದ್ರೆ ಮುರಿದು ಹಾರುತ್ತೆ. ಆಮೇಲೆ ಹರಿತ ಮಾಡೋ ವ್ಯವಸ್ಥೆ: 8 ಇಂಚಿನ ನಿಧಾನ ಗ್ರೈಂಡರು, ಅದಕ್ಕೊಂದು ಜಿಗ್ಗು (ಟೂಲನ್ನ ಒಂದೇ ಕೋನದಲ್ಲಿ ಹಿಡಿಯೋ ಸಾಧನ). ಇದನ್ನ ಮುಂದೂಡೋರು ಜಾಸ್ತಿ, ಮೊಂಡು ಟೂಲಲ್ಲಿ ಕೆರೆದು ಕೆರೆದು ಲೇತ್ ಸರಿ ಇಲ್ಲ ಅಂತ ಬೈಯೋರೂ ಅವರೇ. ಗ್ರೈಂಡರ್ ಈಗ ಬೇಡವೇ ಬೇಡ ಅಂದ್ರೆ ಕಾರ್ಬೈಡ್ ತುದಿಯ ಟೂಲ್ ಒಂದೆರಡು ತಗೊಂಡು ಶುರು ಮಾಡಿ, ಕೆಲಸ ಆಗುತ್ತೆ ಆದ್ರೆ ಮೇಲ್ಮೈ ಗೌಜಿನಷ್ಟು ನುಣ್ಣಗೆ ಬರಲ್ಲ, ಸ್ಯಾಂಡ್‌ಪೇಪರ್ ಜಾಸ್ತಿ ತಿನ್ನುತ್ತೆ.

ಮರಕ್ಕೆ ಮಾತ್ರ ದುಡ್ಡು ಹಾಕ್ಬೇಡಿ. ಗಾಳಿಗೆ ಬಿದ್ದ ಚೆರ್ರಿ, ಮೇಪಲ್, ಆಶ್ ಮರ ರಸ್ತೆ ಬದಿ ಫ್ರೀ ಸಿಗುತ್ತೆ. ಹಸಿ ಇರೋವಾಗ ಗೋಡೆ ದಪ್ಪ ವ್ಯಾಸದ ಹತ್ತನೇ ಒಂದು ಭಾಗ ಬಿಟ್ಟು ಒರಟಾಗಿ ಕಡೆದಿಟ್ಟು, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಫೈನಲ್ ಮಾಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಧಾರಾಳವಾಗಿ. ರಿಟೈರ್ ಆದೋರು ಮನೆ ಖಾಲಿ ಮಾಡುವಾಗ ಲೇತಿನ ಜೊತೆ ಚಕ್ಕು, ಟೂಲು, ಗ್ರೈಂಡರ್ ಎಲ್ಲ ಸೇರಿಸಿ ಕೊಡ್ತಾರೆ, ಅಂಥದ್ದು ಸಿಕ್ರೆ ಬಿಡ್ಬೇಡಿ. ಹೋದಾಗ ಹೆಡ್‌ಸ್ಟಾಕಿಗೆ ಒಂದು ಚೂಪು ಸೆಂಟರ್, ಟೇಲ್‌ಸ್ಟಾಕಿಗೆ ಒಂದು ಹಾಕಿ ಮೂತಿಗೆ ಮೂತಿ ತನ್ನಿ, ಎರಡೂ ಕೂಡ್ಬೇಕು. ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಲಟಲಟ ಅಂದ್ರೆ ಬೇರಿಂಗ್ ಹೋಗಿದೆ. ಟೇಪರ್ ಒಳಗೆ ಬೆರಳು ಹಾಕಿ ಗೀರು ಇದೆಯಾ ನೋಡಿ. ಸ್ಪೀಡ್ ಕೆಳಗಿಂದ ಮೇಲಿನ ತನಕ ನಿಧಾನ ಏರಿಸಿ, ಮಧ್ಯ ಎಲ್ಲಾದ್ರೂ ಜಂಪ್ ಹೊಡೆದ್ರೆ ಬೋರ್ಡ್ ಅಥವಾ ನಾಬ್ ಸಮಸ್ಯೆ. ಬೇರಿಂಗು, ಬೆಲ್ಟು ಅಗ್ಗ. ಬೋರ್ಡ್ ಅಗ್ಗ ಅಲ್ಲ, ಹಳೇ ಮಾಡೆಲ್ಲಿಗೆ ಸಿಗೋದೇ ಇಲ್ಲ ಕೆಲವೊಮ್ಮೆ, ಹಾಗಾಗಿ ಮಾಡೆಲ್ ನಂಬರ್ ಹಾಕಿ ಬಿಡಿಭಾಗ ಈಗಲೂ ಬರುತ್ತಾ ಅಂತ ಮನೆಯಲ್ಲೇ ನೋಡ್ಕೊಂಡು ಹೊರಡಿ.

ತಗೊಳ್ಳೋ ಮುಂಚೆ ಕೈಯಾರೆ ಓಡಿಸಿ ನೋಡೋಕೆ ಆಗುತ್ತಾ?

ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ಅಂತ 1986ರಲ್ಲಿ ಶುರುವಾದ ಸಂಘ ಇದೆ, ಆಫೀಸು ಮಿನೆಸೋಟದ ಸೇಂಟ್ ಪಾಲಲ್ಲಿ, ಊರೂರಲ್ಲಿ ಅದರ ಶಾಖೆಗಳಿವೆ. ಹತ್ತಿರದ್ದಕ್ಕೆ ಒಂದು ಮೀಟಿಂಗಿಗೆ ಹೋಗಿ ಹೊಸಬ ಅಂತ ಹೇಳಿ. ಯಾರೋ ಒಬ್ಬರು ಹಿರಿಯರು ನಿಮ್ಮನ್ನ ಅವರ ಗರಾಜಿಗೆ ಕರ್ಕೊಂಡು ಹೋಗೇ ಹೋಗ್ತಾರೆ.

ಗರಾಜಲ್ಲಿ ಬೇರೆ ವೈರಿಂಗ್ ಬೇಕಾ?

ಒಂದೂವರೆ ಹಾರ್ಸ್‌ಪವರ್ ತನಕ ಸಾಮಾನ್ಯವಾಗಿ ಬೇಡ. 15 ಆಂಪಿನ ಸರ್ಕಿಟ್ ಅಂದ್ರೆ 1800 ವ್ಯಾಟು, ಅದೇ ಸರ್ಕಿಟ್ಟಲ್ಲಿ ಫ್ರಿಜ್ಜು, ಡಸ್ಟ್ ಕಲೆಕ್ಟರು ಇದ್ರೆ ಮಾತ್ರ ಬ್ರೇಕರ್ ಬೀಳುತ್ತೆ.

ಎರಡು ವರ್ಷದಲ್ಲಿ ಬೆಂಗಳೂರಿಗೆ ವಾಪಸ್. ಇಲ್ಲಿ ತಗೊಂಡು ಕಂಟೇನರಲ್ಲಿ ಹಾಕ್ಲಾ?

ಇಲ್ಲಿ 120 ವೋಲ್ಟು 60 ಹರ್ಟ್ಜು, ಅಲ್ಲಿ 230 ವೋಲ್ಟು 50 ಹರ್ಟ್ಜು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತೆ, ಹರ್ಟ್ಜ್ ಮುಟ್ಟಲ್ಲ. ನೋವಾ 1624 ಥರ ನೇರ ಎಸಿ ಮೋಟರ್ ಇರೋದು 50 ಹರ್ಟ್ಜಲ್ಲಿ ಆರನೇ ಒಂದು ಭಾಗ ನಿಧಾನ ಓಡುತ್ತೆ, ಜಾಸ್ತಿ ಬಿಸಿ ಆಗುತ್ತೆ. 220 ವೋಲ್ಟಿನ ವಿಎಫ್‌ಡಿ ಲೇತಾದ್ರೆ ಪ್ಲೇಟ್ ಮೇಲೆ 50/60 ಅಂತ ಇದೆಯಾ ನೋಡಿ, ಇದ್ರೆ ತಲೆನೋವು ಕಡಿಮೆ. 1 ಹಾರ್ಸ್‌ಪವರ್ ಓಡಿಸೋ ಟ್ರಾನ್ಸ್‌ಫಾರ್ಮರ್ ಕನಿಷ್ಠ 2000 ವಿಎ ಇರ್ಬೇಕು, ಅದೇ ಒಂದು ಕಲ್ಲು ಗುಂಡು. ಇಂಗ್ಲೆಂಡಲ್ಲಿ ಇರೋರಿಗೆ ಈ ತಾಪತ್ರಯ ಇಲ್ಲ, ಅಲ್ಲಿಯ ಕರೆಂಟು ನಮ್ಮೂರಿನದ್ದೇ, ರೆಕಾರ್ಡ್ ಪವರ್ ಕೊರೊನೆಟ್ ಹೆರಾಲ್ಡ್ ಥರದ್ದು ಪ್ಲಗ್ ಬದಲಾಯಿಸಿದ್ರೆ ಓಡುತ್ತೆ.

ನನ್ನ ಸಲಹೆ, ಇಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಕಲಿತು ಹೋಗುವಾಗ ಮಾರಿ. ಚಕ್ಕು, ಗೌಜು, ಗ್ರೈಂಡರಿಗೆ ಹಾಕೋ ಸಿಬಿಎನ್ ಚಕ್ರ ಸೂಟ್‌ಕೇಸಲ್ಲಿ ಹಾಕ್ಕೊಂಡು ಹೋಗಿ, ಚೆಕ್-ಇನ್ ಬ್ಯಾಗಲ್ಲಿ ಮಾತ್ರ. ಇಷ್ಟುದ್ದದ ಗೌಜ್ ಕೈಚೀಲದಲ್ಲಿ ಇಟ್ರೆ ಸೆಕ್ಯೂರಿಟಿಯವರು ಬಿಡಲ್ಲ.

ಚನ್ನಪಟ್ಟಣದ ಗೊಂಬೆ ಥರ ಅರಗಿನ ಬಣ್ಣ ಹಾಕ್ಬೇಕು. ಇದರಲ್ಲಿ ಆಗುತ್ತಾ?

ಆಗುತ್ತೆ, ಅದೂ ಚೆನ್ನಾಗಿ. ಅಲ್ಲಿಯವರು ತಿರುಗ್ತಿರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜೋ ಬಿಸಿಗೆ ಅರಗು ಕರಗಿ ಅಂಟುತ್ತೆ, ಆಮೇಲೆ ಕೇದಿಗೆ ಜಾತಿಯ ಎಲೆಯಲ್ಲಿ ಒತ್ತಿ ಹೊಳಪು ತರ್ತಾರೆ. ಸಣ್ಣ ಸಾಮಾನಾದ್ದರಿಂದ ಸ್ವಿಂಗ್ ಬೇಡ, ಸ್ಪೀಡ್ ಬೇಕು, ಈ ಎಲ್ಲಾ ಲೇತಲ್ಲೂ ಅದು ಬೇಕಾದಷ್ಟಿದೆ. ಅಲ್ಲಿ ಬಳಸೋ ಆಲೆ ಮರ ಬೆಳ್ಳಗೆ, ಒತ್ತಾಗಿ, ನಾರು ಸಣ್ಣ. ಇಲ್ಲಿ ಅದಕ್ಕೆ ಹತ್ತಿರ ಅಂದ್ರೆ ಮೇಪಲ್. ಓಕ್ ಹಾಕ್ಬೇಡಿ, ಅದರ ರಂಧ್ರದಲ್ಲಿ ಬಣ್ಣ ಹೂತು ಕಲೆ ಕಲೆ ಆಗುತ್ತೆ.

ಸೇಫ್ಟಿಗೆ ಕನ್ನಡಕ ಸಾಕಾ?

ಸಾಲಲ್ಲ. ಝಡ್87 ಪ್ಲಸ್ (ಏಟು ತಡೆಯುತ್ತೆ ಅನ್ನೋ ಅಮೆರಿಕದ ಸುರಕ್ಷತಾ ಗುರುತು) ಗುರುತಿರೋ ಪೂರ್ತಿ ಮುಖದ ಶೀಲ್ಡು. ಸ್ಯಾಂಡಿಂಗಿಗೆ ಮಾಸ್ಕು, ಬೀಟೆ ಥರದ ಮರದ ಪುಡಿ ಕೆಲವರಿಗೆ ಮೈಯೆಲ್ಲ ಕೆರೆತ ತರುತ್ತೆ. ಗ್ಲೌಸ್ ಹಾಕ್ಬೇಡಿ. ಸಡಿಲ ತೋಳಿನ ಕುರ್ತಾ, ದುಪಟ್ಟಾ, ಬಳೆ, ಉದ್ದ ಸರ, ಬಿಚ್ಚಿದ ಕೂದಲು, ಇವೆಲ್ಲ ತಿರುಗೋ ಸ್ಪಿಂಡಲಿಗೆ ಸುತ್ಕೊಂಡ್ರೆ 1 ಹಾರ್ಸ್‌ಪವರೂ ಜಾಸ್ತಿನೇ. ಸ್ವಿಚ್ ಹಾಕುವಾಗ ಮರದ ನೇರಕ್ಕೆ ನಿಲ್ಬೇಡಿ, ಪಕ್ಕಕ್ಕೆ ನಿಲ್ಲಿ.

ಡಬ್ಬ ಬಂತು. ಮೊದಲು ಏನು ಮಾಡ್ಲಿ?

ಒಬ್ಬರೇ ಎತ್ಬೇಡಿ. ಟೇಲ್‌ಸ್ಟಾಕು, ಬ್ಯಾಂಜೊ ಬಿಚ್ಚಿದ್ರೆ ಭಾರ ಎಷ್ಟೋ ಕಡಿಮೆ ಆಗುತ್ತೆ. ಬೆಡ್ ಮೇಲಿನ ಗ್ರೀಸ್ ಒರೆಸಿ ತೆಳ್ಳಗೆ ವ್ಯಾಕ್ಸ್ ಹಚ್ಚಿ. ಮೂತಿಗೆ ಮೂತಿ ಸೆಂಟರ್ ಟೆಸ್ಟ್ ಮಾಡಿ, ಮೂರೂ ಬೆಲ್ಟ್ ರೇಂಜಲ್ಲಿ ಖಾಲಿ ಓಡಿಸಿ, ರಿವರ್ಸ್ ನೋಡಿ, ಏನಾದ್ರೂ ಸದ್ದು ಬಂದ್ರೆ ವಿಡಿಯೋ ತೆಗೆದು ಅವತ್ತೇ ಅಂಗಡಿಯವರಿಗೆ ಕಳಿಸಿ. ರಿಟರ್ನ್ ದಿನ ಮುಗಿಯೋ ತನಕ ಡಬ್ಬ, ಥರ್ಮಕೋಲು ಬಿಸಾಕ್ಬೇಡಿ, ಮನೆಯವರು ಎಷ್ಟೇ ಗೊಣಗಲಿ.